ಅಪ್ಪ ಅಮ್ಮ ಇಬ್ರೇ ಕಾಶಿಗೆ ಟ್ರೈನಲ್ಲಿ ಹೊರಟಿದಾರೆ, ದುಡ್ಡು ಫೋನು ಸರ ಹೇಗೆ ಕಾಪಾಡ್ಕೊಳ್ಳೋದು?

ತೀರ್ಥಹಳ್ಳಿ_ರಘು | ಸೋಮವಾರ ರಾತ್ರಿ 9:40

ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮ ಇಬ್ರೇ ಕಾಶಿ, ಗಯಾ ಅಂತ ಹೊರಟಿದಾರೆ. ಅಪ್ಪಂಗೆ 68, ಅಮ್ಮಂಗೆ 63. ನಾನೂ ಬರ್ತೀನಿ ಅಂದೆ, ಲೀವ್ ಸಿಗ್ಲಿಲ್ಲ. ಸಂಘಮಿತ್ರ ಎಕ್ಸ್‌ಪ್ರೆಸ್ (12295), ಬೆಂಗಳೂರಿಂದ ಡಿಡಿಯು ತನಕ, ಅಂದ್ರೆ ಹಳೇ ಮೊಘಲ್‌ಸರಾಯ್. ಎಸಿ ಮಾಡ್ಸ್ತೀನಿ ಅಂದ್ರೆ ಅಪ್ಪ ಶೀತ ಆಗತ್ತೆ ಬೇಡ ಅಂತ ಸ್ಲೀಪರ್ರೇ ಮಾಡ್ಸಿದಾರೆ, ಶೀತ ಅನ್ನೋದು ನೆಪ, ರೇಟ್ ನೋಡಿ ಬೇಡ ಅಂದಿದ್ದು ಅಂತ ನಂಗೂ ಗೊತ್ತು. ಒಂದು ರಾತ್ರಿ ಪೂರ್ತಿ ಟ್ರೈನಲ್ಲಿ, ಇನ್ನೊಂದು ರಾತ್ರಿ ಮುಕ್ಕಾಲು, ಇಳಿಯೋದು ಬೆಳಗಿನ ಜಾವ ಕತ್ಲಲ್ಲಿ.

ನನ್ನ ತಲೆಬಿಸಿ ಮೂರು. ಅಮ್ಮ ಮಾಂಗಲ್ಯದ ಸರ ತೆಗೆಯೋಲ್ಲ, ಕಾಶಿಗೆ ಬೋಳು ಕುತ್ತಿಗೇಲಿ ಹೋಗ್ಲಾ ಅಂತಾಳೆ. ಅಪ್ಪ ಗಯಾದಲ್ಲಿ ಪಿಂಡಪ್ರದಾನಕ್ಕೆ ಅಂತ 40 ಸಾವಿರ ಕ್ಯಾಶು ತಗೊಂಡು ಸೊಂಟಕ್ಕೆ ಬೆಲ್ಟ್ ಕಟ್ಕೊಂಡು ಹೋಗೋ ಪ್ಲಾನಲ್ಲಿದಾರೆ. ಮೂರ್ನೇದು ಅವರ ಫೋನು, ಅದರ ಕವರೊಳಗೆ ಎಟಿಎಂ ಕಾರ್ಡು, ಆಧಾರ್, ಹಿಂದುಗಡೆ ಒಂದು ಚೀಟಿ, ಆ ಚೀಟೀಲಿ ಪಿನ್ ನಂಬರ್ರು. ಹೌದು, ಎಲ್ಲಾ ಪಿನ್ನೂ. ನಗಬೇಡಿ, ನಿಮ್ಮ ಮನೆ ಅಪ್ಪಂದಿರ ಕವರ್ರೂ ಒಂದ್ಸಲ ಬಿಚ್ಚಿ ನೋಡಿ.

ಹೋಗಿ ಬಂದವರು, ಕಳ್ಕೊಂಡವರು, ರೈಲ್ವೇಲಿ ಇದ್ದವರು ಯಾರಾದ್ರೂ ಇದ್ರೆ ಹೇಳಿ. "ಹುಷಾರಾಗಿ ಹೋಗಿ ಬನ್ನಿ" ಅನ್ನೋದು ನಾನೇ ಹೇಳಿದೀನಿ, ಅದು ಬಿಟ್ಟು ಬೇರೇದು.

ಮಂಡ್ಯ_ಬೆಲ್ಲ | ಸೋಮವಾರ ರಾತ್ರಿ 9:52

ಬೆಲ್ಟ್ ಯಾಕಣ್ಣ? ನಮ್ ತಾತ ಪಟ್ಟಾಪಟ್ಟಿ ಚಡ್ಡಿ ಜೇಬಲ್ಲಿ ದುಡ್ಡು ಮಡಿಕ್ಕಂಡು ಮೇಲೆ ಪಂಚೆ ಬಿಗಿದು ದನಿನ ಜಾತ್ರೆಗೆ ಹೋಯ್ತಿತ್ತು, ಜೋಡಿ ಎತ್ತಿನ ದುಡ್ಡು, ಒಂದ್ ದಿನಾನೂ ಕಳ್ಕಂಡಿಲ್ಲ. ಅಂಗಡೀಲಿ ದುಡ್ಡು ಕೊಡುವಾಗ ಮಾತ್ರ ಮರೆಗೋಗಿ ಬರ್ತಿತ್ತು ಅಷ್ಟೇಯ. ಟೈಲರ್ ತಾವ ಹೇಳಿ ಜಿಪ್ ಹಾಕ್ಸಿ, 60 ರುಪಾಯ್ ಕೆಲ್ಸ.

ಲಾಯರಲ್ಲ_ಆದ್ರೂ | ಸೋಮವಾರ ರಾತ್ರಿ 10:15

ಸೊಂಟದ ಬೆಲ್ಟು ಅಂದ ಕೂಡ್ಲೇ ಒಂದು ಕೇಸು ನೆನಪಾಯ್ತು. 2005ರಲ್ಲಿ ಒಬ್ರು ಪ್ರಯಾಣಿಕರು ಕಾಶಿ ವಿಶ್ವನಾಥ ಎಕ್ಸ್‌ಪ್ರೆಸ್ಸಲ್ಲಿ ದೆಹಲಿಗೆ ಹೋಗ್ತಾ ಇದ್ರು, ರಿಸರ್ವೇಷನ್ ಬೋಗಿನೇ, ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬೆಲ್ಟಲ್ಲಿ 1 ಲಕ್ಷ ಕ್ಯಾಶು ಇತ್ತು, ಬೆಳಗ್ಗೆ ಎದ್ರೆ ಇಲ್ಲ. ಅವ್ರು ಗ್ರಾಹಕರ ಕೋರ್ಟಿಗೆ ಹೋದ್ರು. ಜಿಲ್ಲೆ, ರಾಜ್ಯ, ರಾಷ್ಟ್ರೀಯ, ಮೂರೂ ಕಡೆ ರೈಲ್ವೆ ದುಡ್ಡು ಕೊಡ್ಬೇಕು ಅಂತಾಯ್ತು. ಕೊನೆಗೆ 2023ರ ಜೂನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು, ಪ್ರಯಾಣಿಕರು ತಮ್ಮ ಹತ್ರ ಇಟ್ಕೊಂಡಿರೋ ವಸ್ತುನ ಅವರೇ ಕಾಪಾಡ್ಕೊಳ್ಳಕ್ಕೆ ಆಗದೇ ಹೋದ್ರೆ ಅದು ರೈಲ್ವೆ ಸೇವೆಯ ಲೋಪ ಅಲ್ಲ ಅಂತ. 1989ರ ರೈಲ್ವೆ ಕಾಯ್ದೆ ಸೆಕ್ಷನ್ 100 ಕೂಡ ಹೆಚ್ಚು ಕಮ್ಮಿ ಇದೇ ದಾರಿ, ಲಗೇಜ್ ಬುಕ್ ಮಾಡಿ ರಸೀತಿ ತಗೊಂಡಿದ್ರೆ ಒಂದು ಲೆಕ್ಕ, ಕೈಯಲ್ಲಿ ಒಯ್ಯೋದಾದ್ರೆ ರೈಲ್ವೆ ನೌಕರರ ನಿರ್ಲಕ್ಷ್ಯ ಅಥವಾ ದುರ್ನಡತೆ ತೋರಿಸ್ಬೇಕು.

ಟಿಕೆಟ್ ಮಾಡುವಾಗ ಟಿಕ್ ಮಾಡ್ತೀವಲ್ಲ ಪೈಸೆ ಲೆಕ್ಕದ ಇನ್ಶೂರೆನ್ಸು, ಅದು ಕಳ್ಳತನಕ್ಕೆ ಬರಲ್ಲ, ಅಪಘಾತದ ಸಾವು ನೋವಿಗೆ ಮಾತ್ರ. ಹಾಗಾಗಿ 40 ಸಾವಿರ ಹೋದ್ರೆ ಹೋಯ್ತು ಅಂತಲೇ ಲೆಕ್ಕ ಇಟ್ಕೊಂಡು ಪ್ಲಾನ್ ಮಾಡಿ.

ಹಳೇ_ಗಾರ್ಡ್ | ಮಂಗಳವಾರ ಬೆಳಿಗ್ಗೆ 6:20

ರಘು ಅವರೇ, ನಾನು ರೈಲ್ವೆಯಲ್ಲಿ 34 ವರ್ಷ ಇದ್ದು ನಿವೃತ್ತನಾದವನು. ಒಂದು ವಿಷಯ ಹೇಳ್ತೇನೆ. ಜನ ರಾತ್ರಿ ಪೂರ್ತಿ ಕಳ್ಳನಿಗೆ ಹೆದರಿ ಎದ್ದು ಕೂತಿರ್ತಾರೆ, ಬೆಳಗಿನ ಜಾವ ಸುಸ್ತಾಗಿ ನಿದ್ದೆ ಹೋಗ್ತಾರೆ, ಆಗ ಬ್ಯಾಗ್ ಹೋಗ್ತದೆ. ನಾನು ನೋಡಿದ ಹಾಗೆ ಕಳ್ಳತನ ಆಗೋದು ಗಾಡಿ ಓಡುವಾಗ ಕಮ್ಮಿ, ನಿಲ್ಲುವಾಗ ಮತ್ತೆ ಹೊರಡುವಾಗ ಜಾಸ್ತಿ. ಗಾಡಿ ಸ್ಟೇಷನ್ ಬಿಟ್ಟು ಇನ್ನೂ ನಿಧಾನ ಇರುವಾಗ ಎಳ್ಕೊಂಡು ಇಳಿದು ಓಡಿದರೆ ನೀವು ಹಿಂದೆ ಹಾರೋಕೆ ಆಗಲ್ಲ ಅಂತ ಅವನಿಗೆ ಗೊತ್ತು. ಔಟರ್ ಸಿಗ್ನಲ್‌ನಲ್ಲಿ ನಿಂತಾಗಲೂ ಅದೇ ಕತೆ. ಹಾಗಾಗಿ ರಾತ್ರಿ ಎಲ್ಲ ಎಚ್ಚರ ಇರೋದು ಬೇಡ. ದೊಡ್ಡ ಸ್ಟೇಷನ್ ಬಂದಾಗ ಎದ್ದು ಕೂತು, ಗಾಡಿ ಪೂರ್ತಿ ಸ್ಪೀಡ್ ತಗೊಂಡ ಮೇಲೆ ಮಲಗಿ. ಇಬ್ಬರು ಇದ್ದಾರಲ್ಲ, ಪಾಳಿ ಹಾಕ್ಕೊಳ್ಳಲಿ.

ಆಮೇಲೆ ಸೀನಿಯರ್ ಸಿಟಿಜನ್ ಕೋಟಾದಲ್ಲಿ ಇಬ್ಬರಿಗೂ ಲೋಯರ್ ಬರ್ತ್ ಬಂದಿರಬಹುದು. ಮಂಡಿ ನೋವಿಗೆ ಒಳ್ಳೇದು, ಕಿಟಕಿ ಮಾತ್ರ ಅಪಾಯ. ತಲೆ ಕಿಟಕಿ ಕಡೆ ಇಟ್ಟು ಮಲಗಲೇಬಾರದು, ನಡುದಾರಿ ಕಡೆ ಇಡಬೇಕು, ರಾತ್ರಿ ಷಟರ್ ಇಳಿಸಿ ಚಿಲಕ ಹಾಕಬೇಕು. ಪ್ಲಾಟ್‌ಫಾರಂನಿಂದ ಕೈ ಹಾಕಿ ಸರ ಎಳೆದಾಗ ಕುತ್ತಿಗೆ ಕೊಯ್ದಿದ್ದನ್ನು ನಾನೇ ನೋಡಿದ್ದೇನೆ, ಆ ಹೆಂಗಸಿಗೆ ಸರ ಹೋಗಿದ್ದಕ್ಕಿಂತ ಆ ಗಾಯ ವಾಸಿಯಾಗೋದೇ ದೊಡ್ಡದಾಯ್ತು.

ಬರ್ತ್ ಕೆಳಗೆ ಲಗೇಜ್ ಕಟ್ಟೋಕೆ ಕಬ್ಬಿಣದ ರಿಂಗ್ ಇರ್ತದೆ, ಚೈನ್ ಹಾಕಿ ಬೀಗ ಹಾಕಿ. ಆ ಚೈನ್ ಕಟ್ ಮಾಡೋದು ದೊಡ್ಡ ವಿಷಯ ಏನಲ್ಲ, ಆದರೆ ಪಕ್ಕದ ಬರ್ತ್‌ನಲ್ಲಿ ಕಟ್ಟದೇ ಇರೋ ಬ್ಯಾಗ್ ಇರುವಾಗ ನಿಮ್ಮದನ್ನು ಕೂತು ಕಟ್ ಮಾಡೋ ಕಳ್ಳ ಇಲ್ಲ.

ಮಂಡ್ಯ_ಬೆಲ್ಲ | ಮಂಗಳವಾರ ಬೆಳಿಗ್ಗೆ 7:05

ಗಾರ್ಡ್ ಸಾಹೇಬ್ರು ಪಕ್ಕದ್ ಬರ್ತನವ್ರಿಗೆ ಗುನ್ನ ಇಟ್ರು 😂

ಕುಡ್ಲದ_ಶಾಲಿನಿ | ಮಂಗಳವಾರ ಬೆಳಿಗ್ಗೆ 8:30

ಕಿಟಕಿ ವಿಷಯ ಸತ್ಯ ಮಾರಾಯ್ರೆ. ನಾನು 11 ವರ್ಷ ಮುಂಬೈಲಿ ಇದ್ದೆ, ಅಲ್ಲಿ ಲೋಕಲ್ ಟ್ರೈನಿಗೆ "ಫಟ್ಕಾ ಗ್ಯಾಂಗ್" ಅಂತಲೇ ಉಂಟು. ಹಳಿ ಪಕ್ಕದ ಕಂಬದಲ್ಲೋ ಕಲ್ಲಿನ ಮೇಲೋ ಕೋಲು ಹಿಡ್ಕೊಂಡು ನಿಂತಿರ್ತಾರೆ, ಬಾಗಿಲಲ್ಲಿ ನಿಂತು ಫೋನ್ ನೋಡ್ತಾ ಇದ್ದವರ ಕೈಗೆ ರಪ್ಪ ಒಂದು ಹೊಡಿತಾರೆ, ಫೋನ್ ಕೆಳಗೆ ಬೀಳ್ತದೆ, ಎತ್ಕೊಂಡು ಹೋಗ್ತಾರೆ ಅಷ್ಟೇ. ಫೋನಿನ ಜೊತೆ ಮನುಷ್ಯನೂ ಬಿದ್ದದ್ದು ಉಂಟು, ಕಾಲು ಹೋದದ್ದು ಉಂಟು. ನಿಮ್ಮ ಅಪ್ಪನಿಗೆ ಬಾಗಿಲಲ್ಲಿ ಗಾಳಿಗೆ ನಿಲ್ಲುವ ಅಭ್ಯಾಸ ಇದ್ರೆ ಅದನ್ನು ಮೊದಲು ಬಿಡಿಸಿ. ಫೋನ್ ಹೋದ್ರೆ ಹೋಗ್ಲಿ.

ಸರಕ್ಕೆ ನನ್ನ ಅತ್ತೆ ಮಾಡಿದ್ದು ಹೇಳ್ತೇನೆ. ಅರಶಿನ ಹಚ್ಚಿದ ದಾರಕ್ಕೆ ತಾಳಿ ಮಾತ್ರ ಪೋಣಿಸಿ ಕಟ್ಕೊಂಡ್ರು, ಚಿನ್ನದ ಸರ ಲಾಕರಲ್ಲಿ. ಕುತ್ತಿಗೆ ಬೋಳಾಗಲೂ ಇಲ್ಲ, ಕಳ್ಳನಿಗೆ ಕಾಣುವಂಥದ್ದೂ ಇಲ್ಲ. ಹಿಂದಿನ ಕಾಲದಲ್ಲಿ ಎಲ್ಲರಿಗೂ ಇದ್ದದ್ದು ದಾರವೇ ಅಲ್ವಾ, ಸರ ಬಂದದ್ದು ಆಮೇಲೆ.

ತೀರ್ಥಹಳ್ಳಿ_ರಘು | ಮಂಗಳವಾರ ಮಧ್ಯಾಹ್ನ 1:10

ಶಾಲಿನಿ ಅವ್ರೇ, ದೊಡ್ಡ ಉಪಕಾರ ಆಯ್ತು. ಒಂದ್ ಗ್ರಾಂ ಗೋಲ್ಡ್ ಸರ ಹಾಕ್ಕೋ ಅಂದಿದ್ದಕ್ಕೆ ಅಮ್ಮ ಮೂರು ದಿನ ಮಾತು ಬಿಟ್ಟಿದ್ಲು, ದಾರ ಅಂದ ತಕ್ಷಣ "ಹೌದಲ್ಲ, ನಮ್ಮಜ್ಜಿನೂ ಹಂಗೇ ಹೋಗಿದ್ದು" ಅಂತ ಒಪ್ಪಿದಾಳೆ. ಒಂದ್ ಗ್ರಾಂ ಗೋಲ್ಡಿಂದ ಇನ್ನೊಂದು ತೊಂದ್ರೆ ಅಂತ ಈಗ ಹೊಳೀತಿದೆ, ಅದು ನಕಲಿ ಅಂತ ಕಳ್ಳಂಗೆ ಗೊತ್ತಾಗೋದು ಎಳೆದಾದ ಮೇಲೆ ತಾನೇ.

ಗೆಸ್ಟ್_417 | ಮಂಗಳವಾರ ಮಧ್ಯಾಹ್ನ 2:30

ನಾಗ್ಪುರ ದಾಟಿದ ಮೇಲೆ ಹತ್ತೋರ್ನ ಯಾರನ್ನೂ ನಂಬ್ಬೇಡಿ, ಆ ಕಡೆ ಜನಾನೇ ಹಂಗೆ. ನಮ್ಮವರು ಪಕ್ಕದಲ್ಲಿದ್ರೆ ಭಯ ಇಲ್ಲ.

ಧಾರವಾಡ_ಫೇಡಾ | ಮಂಗಳವಾರ ಸಂಜೆ 6:45

@ಗೆಸ್ಟ್_417 ಹಂಗ ಅನಬ್ಯಾಡ್ರಿ ಸರ, ನಮ್ಮ ಕಾಕಾಗ ಆಗಿದ್ದು ಕೇಳ್ರಿ. ಸ್ವಲ್ಪ ಉದ್ದ ಐತಿ.

ಒಂದು ಆರೇಳು ವರ್ಷದ ಹಿಂದ ಕಾಕಾ ಒಬ್ನೇ ಉತ್ತರದ ಕಡಿಂದ ಊರಿಗೆ ಬರಾಕತ್ತಿದ್ದ, ಟ್ರೇನ್ ಯಾವ್ದು ಅನ್ನೂದು ಬ್ಯಾಡ. ಎದುರಿನ ಸೀಟಿಗೆ ಇಬ್ರು ಬಂದು ಕುಂತ್ರು. ಅಗದಿ ಚೊಲೋ ಕನ್ನಡ, ನಮ್ಮ ಭಾಷಾನ. "ಕಾಕಾ ನಿಮ್ಮೂರು ಯಾವ್ದು, ಓ ಅಲ್ಲೆ ನಮ್ಮ ಬೀಗ್ರು ಅದಾರ" ಅಂತ ಶುರು ಆತು. ಪರದೇಶದಾಗ ಕನ್ನಡ ಕೇಳಿದ್ರ ನಮ್ಮಂದಿಗೆ ಹೆಂಗ ಆಕ್ಕೈತಿ ನಿಮಗ ಗೊತ್ತಲ್ರಿ, ಕಾಕಾ ಮನಿ ಸುದ್ದಿ ಎಲ್ಲಾ ಹೇಳ್ಯಾನ, ಮಗಳ ಮದುವಿ, ಹೊಲಾ ಮಾರಿದ್ದು, ಎಲ್ಲಾ. ಮೊದಲ್ನೇ ದಿನ ಅವ್ರು ಏನೂ ಮಾಡ್ಲಿಲ್ರಿ. ಚಹಾ ಮಾರಾಂವನ ಕಡೆ ಮೂರು ಚಹಾ ತಗೊಂಡು ಮೂವರೂ ಕುಡದ್ರು. ಮಧ್ಯಾಹ್ನ ಕಾಕಾ ಕಟಗೊಂಡು ಬಂದಿದ್ದ ರೊಟ್ಟಿ ಅವ್ರಿಗೆ ಕೊಟ್ಟಾನ, ತಿಂದಾರ, ಹೊಗಳ್ಯಾರ. ರಾತ್ರಿ ಕಾಕಾನ ಬ್ಯಾಗ್ ಅವ್ರ ನೋಡ್ಕೊಂಡಾರ, ಅಂವ ಆರಾಮ ಮಕ್ಕೊಂಡಾನ. ಮರುದಿನ ಮುಂಜಾನಿ ಅವ್ರ ಕಡಿಂದ ಒಂದು ಜ್ಯೂಸ್ ಬಾಟ್ಲಿ ಬಂತು. ಅದು ಮೊದಲ ತೆಗದಿತ್ತು. ಕಾಕಾಗ ಗೊತ್ತ ಆಗಿಲ್ಲ, ಗೊತ್ತಾದ್ರೂ ಬ್ಯಾಡ ಅಂತಿದ್ದಿಲ್ಲ, ಯಾಕಂದ್ರ ಅಷ್ಟೊತ್ತಿಗೆ ಅವ್ರು ಮನಿ ಮಂದಿ ಆಗಿದ್ರು.

ಎಚ್ಚರ ಆಗಿದ್ದು ಎರಡು ದಿನಾ ಆದಮ್ಯಾಲ ದವಾಖಾನ್ಯಾಗ. ರೊಕ್ಕ, ಫೋನು, ವಾಚು, ಬ್ಯಾಗು ಎಲ್ಲಾ ಹೋಗಿತ್ತು. ಕಾಕಾನ ಬಟ್ಟಿಂದ ಒಂದು ಉಂಗುರ 20 ವರ್ಷದಿಂದ ಬಿಚ್ಚಾಕ ಬರ್ತಿದ್ದಿಲ್ರಿ, ಬಟ್ಟು ದಪ್ಪಾಗಿತ್ತು. ಅದನ್ನೂ ತಗದಿದ್ರು, ಎಣ್ಣಿನೋ ಸಾಬಾಣನೋ ಏನ ಹಚ್ಚಿದ್ರೋ, ಅಷ್ಟು ನಿಧಾನ ಕುಂತು ತಗದಾರ ಅಂದ್ರ ನೋಡ್ರಿ. ಎಲ್ಲಾ ಮಂದಿ ನಡುವ! ಬೋಗಿಯೊಳಗ ಬಾಕಿ ಮಂದಿ ಏನ ಮಾಡಾಕತ್ತಿದ್ರು ಅಂತ ಕೇಳ್ತೀರಿ, ಅವ್ರೆಲ್ಲಾ ಮುದುಕ ಕುಡದು ಬಿದ್ದಾನ ಅಂತ ತಿಳ್ಕೊಂಡಿದ್ರಂತ. ಆ ಇಬ್ರ ಹಂಗ ಹೇಳಿದ್ರಂತ, "ನಮ್ಮ ಕಾಕಾ, ಸ್ವಲ್ಪ ಜಾಸ್ತಿ ಆಗೇತಿ".

ಕಾಕಾ ಇವತ್ತಿಗೂ ರೊಕ್ಕದ ಮಾತು ಆಡಂಗಿಲ್ರಿ. "ಅಂವ ನನ್ನ ರೊಟ್ಟಿ ತಿಂದಿದ್ದ" ಅಂತ ಅದೊಂದ ಹೇಳ್ತಾನ.

ಕುಡ್ಲದ_ಶಾಲಿನಿ | ಮಂಗಳವಾರ ಸಂಜೆ 7:20

ಅಯ್ಯೋ ದೇವರೇ. ಓದಿ ಮೈ ಜುಂ ಅಂತು.

@ಗೆಸ್ಟ್_417 ನೋಡಿ, ಕನ್ನಡದವರೇ. ಮತ್ತೆ ಮೆಜೆಸ್ಟಿಕ್ಕಲ್ಲಿ ಬಸ್ ಹತ್ತುವಾಗ ನನ್ನ ತಂಗಿಯ ವ್ಯಾನಿಟಿ ಬ್ಯಾಗಿನ ಜಿಪ್ ತೆಗೆದು ಬಳೆ ಎತ್ತಿದ್ದು ಯಾವ ನಾಗ್ಪುರದವರೂ ಅಲ್ಲ. 2023ರ ಜೂನಿಂದ ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಬಾಗಿಲಲ್ಲಿ ನೂಕುನುಗ್ಗಲು ಜಾಸ್ತಿ, ಇಬ್ಬರು ಮೂವರು ಹೆಂಗಸರು ಸುತ್ತ ನಿಂತು ಒತ್ತುತ್ತಾರೆ, ಹತ್ತಿದ ಹಾಗೆ ಮಾಡಿ ಇಳೀತಾರೆ. ಮೈಮೇಲೆ ಇದ್ರೆ ಎಳೀತಾರೆ ಅಂತ ಹೆದರಿ ಬಳೆ ತೆಗೆದು ಬ್ಯಾಗಿಗೆ ಹಾಕಿದ್ದು ನೋಡಿ ಅವಳು, ಬಸ್‌ಸ್ಟ್ಯಾಂಡಲ್ಲೇ ನಿಂತು ತೆಗೆದದ್ದು, ಅದನ್ನು ಅವರು ನೋಡಿದ್ದಾರೆ.

ಹಳೇ_ಗಾರ್ಡ್ | ಮಂಗಳವಾರ ರಾತ್ರಿ 8:05

ಧಾರವಾಡದವರು ಹೇಳಿದ್ದು ಅಕ್ಷರಶಃ ಅವರ ಪದ್ಧತಿ. ಹಿಂದಿಯಲ್ಲಿ ಇದಕ್ಕೆ ಜಹರ್‌ಖುರಾನಿ ಅಂತ ಹೆಸರೇ ಇದೆ. ಹೆಚ್ಚಾಗಿ ಬಳಸೋದು ನಿದ್ದೆ ಮಾತ್ರೆ ಗುಂಪಿನ ಔಷಧ, ಚಹಾ, ಬಿಸ್ಕತ್ತಿನ ಕ್ರೀಂ, ಜ್ಯೂಸ್, ಪ್ರಸಾದದ ಪೇಡಾ, ಯಾವುದರಲ್ಲಾದರೂ ಸೇರಿಸ್ತಾರೆ. ಕಾಶಿ ದಾರಿಯಲ್ಲಿ ಪ್ರಸಾದ ಅಂದರೆ ನಮ್ಮ ಹಿರಿಯರು ಬೇಡ ಅನ್ನಲ್ಲ, ಅದನ್ನೊಂದು ಗಟ್ಟಿಯಾಗಿ ಹೇಳಿ. ತಗೊಂಡು ಕಣ್ಣಿಗೆ ಒತ್ತಿಕೊಂಡು ಕರ್ಚೀಫಲ್ಲಿ ಕಟ್ಟಿ ಇಡಲಿ, ದೇವರಿಗೇನೂ ಬೇಜಾರಿಲ್ಲ.

ಎದುರಿನವರು ಎಷ್ಟು ಕರೆದರೂ ಏಳದೆ ಮಲಗಿದ್ದರೆ, ಕುಡಿದಿದ್ದಾರೆ ಅಂತ ಯಾರೇ ಹೇಳಿದರೂ, ಟಿಟಿಇಗೆ ತಿಳಿಸಿ ಇಲ್ಲಾ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ, ಕುಡಿದು ಉಳಿದ ಲೋಟ ಬಾಟಲಿ ಎಸೆಯಬೇಡಿ, ಡಾಕ್ಟರಿಗೂ ಪೊಲೀಸರಿಗೂ ಅದು ಬೇಕು.

ಬಸವನಗುಡಿ_ಬ್ಯಾಕೆಂಡ್ | ಮಂಗಳವಾರ ರಾತ್ರಿ 10:50

ಎಲ್ರೂ ಸರ, ಬೆಲ್ಟು ಅಂತಿದೀರ, ನಿಜವಾದ ಬಾಂಬ್ ಇರೋದು ಅಂಕಲ್ ಫೋನ್ ಕವರಲ್ಲಿ. ನಾನು ಪೇಮೆಂಟ್ಸ್ ಸೈಡಲ್ಲೇ ಕೆಲಸ ಮಾಡೋದು, ಸ್ವಲ್ಪ ಬಿಡಿಸಿ ಹೇಳ್ತೀನಿ.

ಕಳ್ಳಂಗೆ ಫೋನ್ ಲಾಕ್ ಓಪನ್ ಮಾಡಕ್ಕೆ ಬರ್ದೇ ಇರಬಹುದು. ಆದ್ರೆ ಅವನು ಸಿಮ್ ತೆಗೆದು ತನ್ನ ಇನ್ನೊಂದು ಫೋನಿಗೆ ಹಾಕಿದ್ರೆ ಓಟಿಪಿ ಎಲ್ಲಾ ಅವನಿಗೇ ಬರತ್ತೆ. ಈಗ ಯುಪಿಐ ಪಿನ್ ಹೊಸದಾಗಿ ಸೆಟ್ ಮಾಡಕ್ಕೆ ಏನು ಬೇಕು? ಡೆಬಿಟ್ ಕಾರ್ಡಿನ ಕೊನೇ 6 ನಂಬರ್ರು, ಎಕ್ಸ್‌ಪೈರಿ ಡೇಟು, ಒಂದು ಓಟಿಪಿ, ಕೆಲವು ಬ್ಯಾಂಕಲ್ಲಿ ಎಟಿಎಂ ಪಿನ್. ಕಾರ್ಡು ಅದೇ ಕವರಲ್ಲಿದೆ, ಓಟಿಪಿ ಸಿಮ್ಮಲ್ಲಿ ಬರತ್ತೆ, ಎಟಿಎಂ ಪಿನ್ ಚೀಟೀಲಿದೆ. ಅಂದ್ರೆ ಅಂಕಲ್ಲು ಬ್ಯಾಂಕನ್ನೇ ಪ್ಯಾಕ್ ಮಾಡಿ ಕೈಗೆ ಕೊಟ್ಟಂಗಾಯ್ತು. ಆರ್‌ಬಿಐದು 2017ರ ರೂಲ್ ಪ್ರಕಾರ ಬ್ಯಾಂಕಿಂದೂ ತಪ್ಪಿಲ್ಲ ನಮ್ದೂ ತಪ್ಪಿಲ್ಲ ಅಂದಾಗ 3 ವರ್ಕಿಂಗ್ ದಿನದೊಳಗೆ ಹೇಳಿದ್ರೆ ನಮ್ಮ ಮೇಲೆ ಹೊರೆ ಇಲ್ಲ, ಆದ್ರೆ ಪಿನ್ನನ್ನ ನಾವೇ ಬರೆದಿಟ್ಟಿದ್ರೆ ಅದು ನಮ್ಮದೇ ನಿರ್ಲಕ್ಷ್ಯ, ಬ್ಯಾಂಕಿಗೆ ತಿಳಿಸೋ ತನಕ ಹೋಗಿದ್ದೆಲ್ಲಾ ನಮ್ಮ ಲೆಕ್ಕಕ್ಕೇ.

ಹಾಗಾಗಿ ಕಾರ್ಡು ಒಂದು ಕಡೆ ಫೋನು ಒಂದು ಕಡೆ, ಚೀಟಿ ಹರಿದು ಹಾಕಿ. ಇನ್ನೊಂದು ಅಕೌಂಟಲ್ಲಿ ಒಂದು 10 ಸಾವಿರ ಮಾತ್ರ ಇಟ್ಟು ಯುಪಿಐ ಅದಕ್ಕೇ ಲಿಂಕ್ ಇರ್ಲಿ, ಪೆನ್ಷನ್ ಬರೋ ಅಕೌಂಟ್ ಟ್ರಿಪ್ ಮುಗಿಯೋ ತನಕ ಆ್ಯಪಿಂದ ತೆಗೆದುಬಿಡಿ, ಖಾಲಿ ಆದಂಗೆ ನೀವು ಮನೆಯಿಂದ ಹಾಕ್ತಾ ಇರಿ. ಹಾಗೆ ಮಾಡಿದ್ರೆ 40 ಸಾವಿರ ಕ್ಯಾಶೂ ಬೇಡ. ಆಧಾರ್ ಡಿಜಿಲಾಕರಲ್ಲಿ ತೋರಿಸಿದ್ರೂ ಟಿಟಿಇ ಒಪ್ತಾರೆ, ಒರಿಜಿನಲ್ ಆಂಟಿ ಹತ್ರ ಇರ್ಲಿ.

ಮುಖ್ಯವಾಗಿ ಸಿಮ್ ಲಾಕ್ ಹಾಕಿ. ಫೋನ್ ಲಾಕ್ ಅಲ್ಲ, ಸಿಮ್ ಪಿನ್, ಸೆಟ್ಟಿಂಗ್ಸ್ ಒಳಗೆ ಸೆಕ್ಯುರಿಟೀಲಿ ಇರತ್ತೆ. ಸಿಮ್ ಬೇರೆ ಫೋನಿಗೆ ಹಾಕಿದ್ರೂ 4 ಅಂಕಿ ಪಿನ್ ಕೇಳತ್ತೆ, ಕಳ್ಳ ಅಲ್ಲೇ ಸ್ಟಾಪ್. ಇದನ್ನ ನೂರಕ್ಕೆ ಒಬ್ರೂ ಹಾಕಿರಲ್ಲ.

ತೀರ್ಥಹಳ್ಳಿ_ರಘು | ಮಂಗಳವಾರ ರಾತ್ರಿ 11:30

ಚೀಟಿ ಈಗಲೇ ಹರಿಸಿದೆ, ವಿಡಿಯೋ ಕಾಲಲ್ಲಿ. ಅಪ್ಪ ಹರಿಯೋ ಮುಂಚೆ ಇನ್ನೊಂದು ಚೀಟಿಗೆ ಕಾಪಿ ಮಾಡ್ಕೊಂಡಿದ್ದು ಅಮ್ಮ ಆಮೇಲೆ ಹೇಳಿದ್ಲು. ಸಿಮ್ ಲಾಕ್ ಭಾನುವಾರ ಊರಿಗೆ ಹೋದಾಗ ನಾನೇ ಹಾಕ್ತೀನಿ.

ಇನ್ನೊಂದು ಪ್ರಶ್ನೆ, ಅಕಸ್ಮಾತ್ ಏನಾದ್ರೂ ಹೋದ್ರೆ ಕಂಪ್ಲೇಂಟ್ ಎಲ್ಲಿ? ನಡುದಾರೀಲಿ ಇಳಿದು ಯಾವುದೋ ಸ್ಟೇಷನಲ್ಲಿ ಹಿಂದೀಲಿ ಹೇಳ್ಕೊಳ್ಳೋದು ಇವರ ಕೈಲಾಗಲ್ಲ.

ಹಳೇ_ಗಾರ್ಡ್ | ಬುಧವಾರ ಬೆಳಿಗ್ಗೆ 6:10

ಇಳಿಯೋದು ಬೇಡವೇ ಬೇಡ. ಟಿಟಿಇ, ಗಾರ್ಡ್ ಅಥವಾ ಗಾಡಿಯಲ್ಲಿರೋ ಎಸ್ಕಾರ್ಟ್ ಪೊಲೀಸರ ಹತ್ತಿರ ಎಫ್‌ಐಆರ್ ಫಾರಂ ಇರ್ತದೆ, ಕೇಳಿ ಪಡೆದು ಬರೆದು ಕೊಟ್ಟರೆ ಅವರು ಮುಂದಿನ ರೈಲ್ವೆ ಪೊಲೀಸ್ ಠಾಣೆಗೆ ತಲುಪಿಸ್ತಾರೆ. ಜನಕ್ಕೆ ಗೊಂದಲ ಆಗೋದು ಇಲ್ಲಿ: ಆರ್‌ಪಿಎಫ್ ಕೇಂದ್ರದ ರೈಲ್ವೆ ರಕ್ಷಣಾ ಪಡೆ, ಜಿಆರ್‌ಪಿ ಆಯಾ ರಾಜ್ಯದ ಪೊಲೀಸ್. ಕಳ್ಳತನದ ಎಫ್‌ಐಆರ್ ಆಗೋದು ಜಿಆರ್‌ಪಿಯಲ್ಲಿ. ಸಹಾಯಕ್ಕೆ ಫೋನ್ ಮಾಡೋಕೆ ಮಾತ್ರ ಅದೆಲ್ಲ ತಲೆ ಕೆಡಿಸಿಕೊಳ್ಳೋದು ಬೇಡ, 139 ಒಂದೇ ಸಾಕು. ಮುಂಚೆ ಭದ್ರತೆಗೆ ಅಂತ 182 ಇತ್ತು, 2021ರಲ್ಲಿ ಅದನ್ನೂ 139ಕ್ಕೇ ಸೇರಿಸಿದರು, ಹಳೇ ಬೋಗಿಗಳಲ್ಲಿ ಇನ್ನೂ 182 ಅಂತ ಸ್ಟಿಕ್ಕರ್ ಇದ್ದರೆ ಅದನ್ನು ನಂಬಿ ಕೂರಬೇಡಿ. ಪಿಎನ್‌ಆರ್ ನಂಬರು, ಬೋಗಿ ಮತ್ತು ಬರ್ತ್ ನಂಬರು ದೊಡ್ಡದಾಗಿ ಕಾಗದದಲ್ಲಿ ಬರೆದು ಅಮ್ಮನ ಹತ್ತಿರ ಇಡಿ. ಫೋನೇ ಹೋದ ಮೇಲೆ ಫೋನಲ್ಲಿರೋ ಟಿಕೆಟ್ ನೋಡೋದು ಹೇಗೆ?

ಲಾಯರಲ್ಲ_ಆದ್ರೂ | ಬುಧವಾರ ಬೆಳಿಗ್ಗೆ 9:40

ಜೊತೆಗೆ, 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಹೊಸ ಬಿಎನ್‌ಎಸ್‌ಎಸ್ ಕಾಯ್ದೆ ಜಾರಿಗೆ ಬಂದಿದೆ, ಅದರ ಸೆಕ್ಷನ್ 173 ಪ್ರಕಾರ ಎಲ್ಲಿ ಆದ ಕಳ್ಳತನ ಆದ್ರೂ ಯಾವ ಠಾಣೇಲಿ ಬೇಕಾದ್ರೂ ಹೇಳಬಹುದು, ಝೀರೋ ಎಫ್‌ಐಆರ್ ಅಂತೀವಲ್ಲ ಅದು. "ಅದು ನಮ್ಮ ಲಿಮಿಟ್ಸ್ ಅಲ್ಲ, ಹಿಂದಿನ ಸ್ಟೇಷನ್‌ಗೆ ಹೋಗಿ" ಅನ್ನೋ ಹಾಗಿಲ್ಲ. ಆನ್‌ಲೈನಲ್ಲಿ ಕಳಿಸಿದ್ರೆ 3 ದಿನದೊಳಗೆ ಹೋಗಿ ಸೈನ್ ಮಾಡ್ಬೇಕು. ಕಾಪಿ ಫ್ರೀ.

ಮತ್ತೆ "ಕಳೆದುಹೋಗಿದೆ" ಅಂತ ಬರೆಸ್ಕೊಂಡು ಕಳಿಸ್ತಾರೆ, ಅದಕ್ಕೆ ಒಪ್ಪಬೇಡಿ. ಕಿತ್ಕೊಂಡು ಹೋಗಿದ್ರೆ ಕಿತ್ಕೊಂಡು ಹೋದ್ರು ಅಂತಲೇ ಬರೀಬೇಕು, ಐಪಿಸಿ ಬದಲಿಗೆ ಬಂದ ಬಿಎನ್‌ಎಸ್‌ನಲ್ಲಿ ಕಸಿದು ಓಡೋದಕ್ಕೆ 304 ಅಂತ ಬೇರೆ ಸೆಕ್ಷನ್ನೇ ಇದೆ. ಹಿಂದೀಲಿ ಹೇಳಕ್ಕೆ ಬರಲ್ಲ ಅಂದ್ರೆ ಒಂದು ಅರ್ಜಿ ಇಂಗ್ಲಿಷಲ್ಲಿ ಈಗಲೇ ಟೈಪ್ ಮಾಡಿ, ಜಾಗ ಸಮಯ ಖಾಲಿ ಬಿಟ್ಟು, ಪ್ರಿಂಟ್ ತೆಗೆದು ಕೊಡಿ.

ಬಸವನಗುಡಿ_ಬ್ಯಾಕೆಂಡ್ | ಬುಧವಾರ ಬೆಳಿಗ್ಗೆ 10:05

ಫೋನ್ ಹೋದ್ರೆ ಮಾಡಬೇಕಾದ ಕೆಲಸಕ್ಕೂ ಒಂದು ಕ್ರಮ ಇದೆ, ಮೊದಲು ಸಿಮ್ ಬ್ಲಾಕ್, ಆಮೇಲೆ ಬ್ಯಾಂಕು, ಆಮೇಲೆ ಫೋನು. ಜನ ಉಲ್ಟಾ ಮಾಡ್ತಾರೆ, ಗಂಟೆಗಟ್ಲೆ ಫೋನಿಗೆ ರಿಂಗ್ ಮಾಡ್ತಾ ಕೂರ್ತಾರೆ. ಈ ಕೆಲಸಾನ ರಘು ಅವ್ರು ಬೆಂಗಳೂರಲ್ಲಿ ಕೂತೇ ಮಾಡಬಹುದು, ಅಪ್ಪಂಗೆ ನಿಮ್ಮ ನಂಬರ್ ಬಾಯಿಪಾಠ ಇದ್ರೆ ಸಾಕು. ಇದೆಯಾ ಕೇಳಿ ನೋಡಿ! ದುಡ್ಡು ಆಗ್ಲೇ ಹೋಗಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೊರಡೋ ಮುಂಚೆ *#06# ಒತ್ತಿ ಐಎಂಇಐ, ಅಂದ್ರೆ ಹ್ಯಾಂಡ್‌ಸೆಟ್ಟಿನ ಗುರುತಿನ ನಂಬರ್ ಬರೆದಿಟ್ಕೊಳಿ. ಎಫ್‌ಐಆರ್ ಕಾಪಿ, ಡೂಪ್ಲಿಕೇಟ್ ಸಿಮ್ ಬಂದ ಮೇಲೆ ಸಂಚಾರ್ ಸಾಥಿ ಅನ್ನೋ ಸರ್ಕಾರಿ ವೆಬ್‌ಸೈಟಿನ ಸಿಇಐಆರಲ್ಲಿ (ಕಳುವಾದ ಫೋನ್ ಬ್ಲಾಕ್ ಮಾಡೋ ವ್ಯವಸ್ಥೆ) ಆ ನಂಬರ್ ಹಾಕಿದ್ರೆ ಆ ಹ್ಯಾಂಡ್‌ಸೆಟ್ಟು ದೇಶದ ಯಾವ ನೆಟ್‌ವರ್ಕಲ್ಲೂ ಕೆಲಸ ಮಾಡಲ್ಲ. 2023ರ ಮೇ ತಿಂಗಳಿಂದ ದೇಶಕ್ಕೆಲ್ಲಾ ಬಂದಿದೆ.

ಗೀತಾ_ಟೀಚರ್_ದಾವಣಗೆರೆ | ಬುಧವಾರ ಸಂಜೆ 5:15

ನಾವು ಹೋದ ವರ್ಷ ಹೋಗಿ ಬಂದ್ವಿ, ಟ್ರೈನಲ್ಲಿ ಏನೂ ಆಗ್ಲಿಲ್ಲ, ಇಳಿದ ಮೇಲೆ ಎರಡು ಕಡೆ ಟೋಪಿ ಬಿತ್ತು. ಡಿಡಿಯುಯಿಂದ ಕಾಶಿ ಊರೊಳಗೆ ಸುಮಾರು 16 ಕಿ.ಮೀ. ಕತ್ತಲಲ್ಲಿ ಆಟೋ ಹತ್ತೋದು ಬೇಡ, ಟಿಕೆಟ್ ತೋರಿಸಿ ವೇಟಿಂಗ್ ಹಾಲಲ್ಲಿ ಕೂತು, ಮುಖ ತೊಳೆದು, ಬೆಳಕಾದ ಮೇಲೆ ಹೊರಡ್ಲಿ. ಉಳ್ಕೊಳ್ಳೋ ರೂಮನ್ನ ಗೂಗಲ್ಲಲ್ಲಿ ಮೊದಲು ಸಿಕ್ಕ ನಂಬರಿಗೆ ದುಡ್ಡು ಹಾಕಿ ಬುಕ್ ಮಾಡಬೇಡಿ. ಯಾತ್ರಾಸ್ಥಳದ ಗೆಸ್ಟ್‌ಹೌಸು, ಕೇದಾರದ ಹೆಲಿಕಾಪ್ಟರ್ರು ಅಂತ ನಕಲಿ ವೆಬ್‌ಸೈಟ್ ಮಾಡಿ ಮೋಸ ಮಾಡ್ತಿದಾರೆ ಅಂತ ಕೇಂದ್ರ ಗೃಹ ಇಲಾಖೆಯ ಸೈಬರ್ ವಿಭಾಗದವರೇ 2025ರ ಏಪ್ರಿಲಲ್ಲಿ ಎಚ್ಚರಿಕೆ ಕೊಟ್ಟಿದ್ರು. ನಾವು ಜಂಗಮವಾಡಿ ಮಠದ ಕಡೆ ಉಳ್ಕೊಂಡಿದ್ವಿ, ಅಲ್ಲಿ ಕನ್ನಡ ಕಿವಿಗೆ ಬೀಳ್ತದೆ, ಅಮ್ಮಂಗೆ ಅರ್ಧ ಧೈರ್ಯ ಅದರಿಂದಲೇ ಬಂತು.

ವಿಶ್ವನಾಥನ ಗುಡಿ ಒಳಗೆ ಫೋನ್ ಬಿಡಲ್ಲ. ಸುತ್ತ ಹೂವಿನಂಗಡಿಯವರು ಪ್ರಸಾದ ತಗೊಂಡ್ರೆ ಲಾಕರ್ ಫ್ರೀ ಅಂತ ಕರೀತಾರೆ, ಹೆಚ್ಚಿನೋರು ಸರಿಯಾಗೇ ವಾಪಸ್ ಕೊಡ್ತಾರೆ, ಆದ್ರೂ ನಮಗೆ ದರ್ಶನಕ್ಕಿಂತ ಫೋನಿನ ಧ್ಯಾನನೇ ಆಯ್ತು, ಮಾರನೇ ದಿನ ಫೋನೆಲ್ಲಾ ರೂಮಲ್ಲೇ ಬೀಗ ಹಾಕಿ ಬಿಟ್ಟು ಹೋದ್ವಿ. ಸಂಜೆ ದಶಾಶ್ವಮೇಧ ಘಾಟಲ್ಲಿ ಆರತಿ ಹೊತ್ತಿಗೆ ಕಾಲಿಡಕ್ಕೆ ಜಾಗ ಇರಲ್ಲ, ಎಲ್ಲರ ಕೈ ಮೇಲೆ ಕಣ್ಣೂ ಮೇಲೆ, ಜೇಬು ಕತ್ತರಿಸೋರಿಗೆ ಅದಕ್ಕಿಂತ ಬೇಕಾ.

ನಮಗೆ ಟೋಪಿ ಬಿದ್ದಿದ್ದು ಮಣಿಕರ್ಣಿಕಾದಲ್ಲಿ. ಒಬ್ಬ ಬಂದು ಇದು ಅನಾಥರ ಆಶ್ರಮ, ಸಾಯೋಕೆ ಬಂದಿರೋ ಬಡವರ ಸೌದೆಗೆ ದಾನ ಕೊಡಿ, ಕೆಜಿಗೆ ಇಷ್ಟು ಅಂತ ಶುರು ಮಾಡಿದ. ಚಿತೆ ಉರೀತಾ ಇರೋ ಜಾಗದಲ್ಲಿ ನಿಂತು ಸೌದೆಗೆ ದುಡ್ಡಿಲ್ಲ ಅನ್ನಕ್ಕೆ ಯಾರಿಗೆ ಬಾಯಿ ಬರತ್ತೆ ಹೇಳಿ, ನಮ್ಮನೆಯವರು 2 ಸಾವಿರ ಕೊಟ್ರು. ಇನ್ನೂ ಕೊಡಿ ಅಂತ ಇಬ್ಬರು ಸೇರ್ಕೊಂಡ್ರು. ಆಮೇಲೆ ಮಠದಲ್ಲಿ ಕೇಳಿದ್ರೆ ಅದು ಅಲ್ಲಿ ದಿನಾ ನಡೆಯೋ ಆಟ ಅಂದ್ರು. ಎರಡನೇದು ದೋಣಿ, ರೇಟ್ ಮಾತಾಡದೆ ಹತ್ತಿದ್ದು ನಮ್ಮದೇ ತಪ್ಪು.

ಗೆಸ್ಟ್_417 | ಬುಧವಾರ ರಾತ್ರಿ 9:00

ಧಾರವಾಡದವರೇ, ನಿಮ್ಮ ಕಾಕಾ ಕತೆ ಓದಿದೆ. ನಾನು ಹೇಳಿದ್ದು ಸರಿ ಇರ್ಲಿಲ್ಲ. ಆದ್ರೆ ಹಾಗಾದ್ರೆ ಟ್ರೈನಲ್ಲಿ ಯಾರ ಜೊತೇನೂ ಮಾತೇ ಆಡಬಾರ್ದಾ? ಎರಡು ದಿನ ಮೂತಿ ಬಿಗಿದು ಕೂತ್ಕೊಳ್ಳೋದಾ?

ಧಾರವಾಡ_ಫೇಡಾ | ಬುಧವಾರ ರಾತ್ರಿ 9:35

ಮಾತಾಡ್ರಿ, ಯಾಕ ಬ್ಯಾಡ. ಕಾಕಾ ಈಗೂ ಮಾತಾಡ್ತಾನ, ರೊಟ್ಟಿನೂ ಕೊಡ್ತಾನ. ತಾ ಮಾತ್ರ ಏನೂ ತಗೊಳ್ಳಂಗಿಲ್ಲ, "ಇವತ್ತು ನಂದು ಉಪವಾಸ" ಅಂತಾನ. ಎದುರಿಗೆ ರೊಟ್ಟಿ ತಿಂತನ ಹೇಳ್ತಾನ್ರಿ ಅದನ್ನ 😀

ಹಳೇ_ಗಾರ್ಡ್ | ಗುರುವಾರ ಬೆಳಿಗ್ಗೆ 6:30

ಒಂದು ಮಾತು. ಪಕ್ಕದಲ್ಲಿ ಕುಟುಂಬ ಸಮೇತ ಬಂದವರು ಇದ್ದರೆ ಮೊದಲೇ ಪರಿಚಯ ಮಾಡ್ಕೊಳ್ಳಲಿ. ನನ್ನ ಸರ್ವಿಸಲ್ಲಿ ಕಳ್ಳ ಸಿಕ್ಕಿಬಿದ್ದ ಅಷ್ಟೂ ಸಲ ಹಿಡಿದವರು ಪಕ್ಕದ ಬರ್ತ್‌ನವರು. ಮಾತಾಡಿಸಿ, ಎಲ್ಲಿ ಇಳೀತೀರಿ, ಬ್ಯಾಗಲ್ಲಿ ಏನಿದೆ, ಎಷ್ಟು ದುಡ್ಡಿದೆ ಅನ್ನೋದು ಬಿಟ್ಟು.

ತೀರ್ಥಹಳ್ಳಿ_ರಘು | 5 ವಾರದ ನಂತರ, ಶನಿವಾರ ಸಂಜೆ 4:20

ಅಪ್ಪ ಅಮ್ಮ ಮೊನ್ನೆ ಬಂದ್ರು. ಏನೂ ಕಳವಾಗಿಲ್ಲ. ಆದ್ರೆ ನಂಗೆ ಮಾತ್ರ ಒಂದು ದಿನ ಜೀವ ಬಾಯಿಗೆ ಬಂದಿತ್ತು, ಅದಕ್ಕೆ ಕಾರಣ ಕಳ್ಳ ಅಲ್ಲ, @ಬಸವನಗುಡಿ_ಬ್ಯಾಕೆಂಡ್ ನೀವು.

ಎರಡನೇ ದಿನ ಅಪ್ಪನ ಫೋನ್ ಚಾರ್ಜ್ ಖಾಲಿಯಾಗಿ ಆಫ್ ಆಗಿದೆ. ಚಾರ್ಜಿಗೆ ಹಾಕಿ ಆನ್ ಮಾಡಿದಾರೆ, ಅದು ಸಿಮ್ ಪಿನ್ ಕೇಳಿದೆ. ನಾನು ಹಾಕಿದ್ದು ಅಮ್ಮನ ಹುಟ್ಟಿದ ವರ್ಷ, ಮರೆಯಲ್ಲ ಅಂತ. ಅಪ್ಪ ಫೋನ್ ಲಾಕ್ ಪಿನ್ ಹೊಡೆದಿದಾರೆ, ತಪ್ಪು. ಎಟಿಎಂ ಪಿನ್ ಹೊಡೆದಿದಾರೆ, ತಪ್ಪು. ಆಮೇಲೆ ಅಮ್ಮನ ಹುಟ್ಟಿದ ವರ್ಷಾನೇ ಹೊಡೆದಿದಾರೆ, ಒಂದು ವರ್ಷ ತಪ್ಪಾಗಿ. 41 ವರ್ಷದ ಸಂಸಾರ. ಮೂರು ತಪ್ಪಾದ ಮೇಲೆ ಪಿಯುಕೆ (ಸಿಮ್ ಲಾಕ್ ಬಿಡಿಸೋ ನಂಬರ್) ಕೇಳಿ ಸಿಮ್ ಲಾಕ್ ಆಯ್ತು.

ಇಲ್ಲಿ ನಾನು ಫೋನ್ ಮಾಡ್ತೀನಿ, ನಾಟ್ ರೀಚಬಲ್ಲು. ಅಮ್ಮಂದು ಬಟನ್ ಫೋನ್, ಅದನ್ನ "ಹುಷಾರಾಗಿರ್ಲಿ" ಅಂತ ಚೈನ್ ಹಾಕಿದ ಸೂಟ್‌ಕೇಸಲ್ಲಿ ಇಟ್ಟು ಬೀಗ ಹಾಕಿದಾರೆ. ನಂಗೆ ತಲೇಲಿ ಧಾರವಾಡದ ಕಾಕಾನೇ ಓಡ್ತಾ ಇದ್ರು. ರಾತ್ರಿ 139ಕ್ಕೆ ಫೋನ್ ಮಾಡಿ ಪಿಎನ್‌ಆರ್ ಹೇಳಿ, ವಯಸ್ಸಾದವರು, ಮಧ್ಯಾಹ್ನದಿಂದ ಸಂಪರ್ಕ ಇಲ್ಲ ಅಂದೆ. ಮುಂದಿನ ದೊಡ್ಡ ಸ್ಟೇಷನಲ್ಲಿ ಇಬ್ಬರು ಪೊಲೀಸರು ಬೋಗಿ ಹತ್ತಿ, ಟಾರ್ಚ್ ಹಾಕಿ, ಅಪ್ಪನ ಹೆಸರು ಕೂಗಿ ಎಬ್ಬಿಸಿದಾರೆ. ಅಪ್ಪಂಗೆ ನಿದ್ದೆಗಣ್ಣಲ್ಲಿ ಇವರೂ ನಕಲಿ ಪೊಲೀಸ್ರು ಇರಬಹುದು ಅಂತ ಡೌಟು (ಇಷ್ಟು ಎಚ್ಚರಿಕೆ ಹೇಳಿ ಕಳ್ಸಿದ್ದು ನಾನೇ), ಐಡಿ ತೋರಿಸಿ ಅಂತ ಅವರನ್ನೇ ಕೇಳಿದಾರೆ. ಪುಣ್ಯಕ್ಕೆ ಅವರು ನಕ್ಕು, ಅವರ ಫೋನಿಂದಲೇ ನಂಗೆ ಕಾಲ್ ಮಾಡಿ ಕೊಟ್ರು. ಅಪ್ಪಂಗೆ ನನ್ನ ನಂಬರ್ ಬಾಯಿಪಾಠ ಇತ್ತು, ಅದೊಂದು ಕೆಲಸ ಮಾಡ್ತು.

ಅರಿಶಿನ ದಾರ ಅಮ್ಮಂಗೆ ಎಷ್ಟು ಹಿಡಿಸಿದೆ ಅಂದ್ರೆ ಸರ ಇನ್ನೂ ಬೀರುವಿಂದ ತೆಗೆದಿಲ್ಲ. ಮಣಿಕರ್ಣಿಕಾದಲ್ಲಿ ಸೌದೆಯವನು ಬಂದ್ನಂತೆ, ಅಪ್ಪ ಕೈ ಮುಗಿದು ಕನ್ನಡದಲ್ಲೇ ಮಾತಾಡ್ತಾ ಹೋಗಿಬಿಟ್ರಂತೆ.

ಬಸವನಗುಡಿ_ಬ್ಯಾಕೆಂಡ್ | ಶನಿವಾರ ಸಂಜೆ 4:45

ಸಾರಿ ಬ್ರದರ್ 🙏 ಫೋನ್ ಆಫ್ ಆಗಿ ಆನ್ ಆದ್ರೆ ಸಿಮ್ ಪಿನ್ ಕೇಳತ್ತೆ ಅಂತ ಬರೆಯೋದು ಮರೆತೆ. ಪಿಯುಕೆ ಸಿಮ್ ಬಂದ ಪ್ಲಾಸ್ಟಿಕ್ ಕಾರ್ಡಲ್ಲಿರತ್ತೆ, ಇಲ್ಲಾಂದ್ರೆ ಕಸ್ಟಮರ್ ಕೇರಲ್ಲಿ ಕೇಳಿದ್ರೆ ಕೊಡ್ತಾರೆ. ಯಾರೂ ಅಂದಾಜಲ್ಲಿ ಹೊಡೀಬೇಡಿ, 10 ಸಲ ತಪ್ಪಾದ್ರೆ ಸಿಮ್ಮೇ ಸತ್ತೋಗತ್ತೆ. ಅಂಕಲ್ಲು ಎಷ್ಟು ಸಲ ಹೊಡೆದಿದಾರೆ?

ತೀರ್ಥಹಳ್ಳಿ_ರಘು | ಶನಿವಾರ ಸಂಜೆ 4:50

ಎಣಿಸಿಲ್ವಂತೆ. ಈಗ ಸಿಮ್ ಪಿನ್ನೂ ಸೇರಿಸಿ ಹೊಸ ಚೀಟಿ ಬರೆದಿದಾರೆ. ಚೀಟಿ ಪಟ್ಟಾಪಟ್ಟಿ ಚಡ್ಡಿ ಜೇಬಲ್ಲಿದೆ.

ಮಂಡ್ಯ_ಬೆಲ್ಲ | ಶನಿವಾರ ಸಂಜೆ 4:58

ಒಗೆಯಾಕೆ ಹಾಕೋ ಮುಂಚೆ ತೆಗೆಯಾಕೇಳಿ ಅಣ್ಣ.